ಹಿಂದಿನಿಂದ ತೆರೆಯುವ ನೇರಳೆ ಕೋಟು

ಫೆಬ್ರವರಿ 3, ಸೋಮವಾರ

ಇದು ಎಡಗೈ ಬರಹ. ಕೋಳಿ ಕೆದರಿದ ಹಾಗಿದೆ. ದಿನಾ ಒಂದಿಷ್ಟು ಬರೆಯಬೇಕು ಎಂದು ಕಾಲಿಯಾ ಅಪ್ಪಣೆ ಮಾಡಿದ್ದಾಳೆ. ಈ ಆರೈಕೆ ಕೇಂದ್ರದಲ್ಲಿ ನಮ್ಮಂಥವರಿಗೆ ಉಣ್ಣುವುದು, ಉಡುವುದನ್ನು ಮತ್ತೆ ಕಲಿಸುವವಳು ಅವಳು. ಏನು ಬರೆಯಲಿ ಎಂದು ಕೇಳಿದೆ. ಯಾರೂ ಓದುವುದಿಲ್ಲ, ಬೈಯಬೇಕೆನಿಸಿದರೆ ಬೈದು ಬರೆಯಿರಿ ಎಂದಳು. ಕೈ ಸೋತಿತು. ಇವತ್ತಿಗೆ ಸಾಕು.

ಫೆಬ್ರವರಿ 5

ಬೈಯಬೇಕೆನಿಸಿದೆ.

ಬೆಳಿಗ್ಗೆ ಶರ್ಟು ಹಾಕಿಕೊಳ್ಳಲು ಕೂತೆ. ನಲವತ್ತು ನಿಮಿಷ, ಎರಡು ಗುಂಡಿ. ಅದರಲ್ಲಿ ಒಂದು ತಪ್ಪು ಕಾಜದಲ್ಲಿ. ನಾನು, ಅರ್ವಿಡ್ ಸಾಲ್ಮೆಲಾ, ಈ ಗಣಿ ಊರಿನ ಗಂಡಸರಿಗೆ ನಲವತ್ತೊಂದು ವರ್ಷ ಸೂಟು ಮಾರಿದವನು, ಹೊಲಿದವನು. ಮದುವೆಯ ಬೆಳಿಗ್ಗೆ ಕೈ ನಡುಗುತ್ತಿದ್ದ ಎಷ್ಟು ಮದುಮಕ್ಕಳಿಗೆ ಇದೇ ಕೈಯಿಂದ ಗುಂಡಿ ಹಾಕಿ ಕಳಿಸಿದ್ದೇನೆ. ಜನವರಿಯಲ್ಲಿ ಲಕ್ವ ಹೊಡೆದ ಮೇಲೆ ಬಲಗೈ ಸತ್ತ ಮೀನಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತದೆ.

ಕಾಲಿಯಾ ಒಂದು ಶರ್ಟು ತಂದಳು. ಹೊರಗೆ ಗುಂಡಿ, ಒಳಗೆ ಆಯಸ್ಕಾಂತ. ಹತ್ತಿರ ತಂದರೆ ಸಾಕು, ಟಕ್ ಎಂದು ತಾನೇ ಕೂಡಿಕೊಳ್ಳುತ್ತದೆ. ಗುಂಡಿ ಬರೀ ನಾಟಕಕ್ಕೆ. ಇದು ಶರ್ಟಲ್ಲ, ಮೋಸ ಎಂದೆ. ಅವಳು ಮಡಿಸಿ ನನ್ನ ಕಪಾಟಿನಲ್ಲಿ ಇಟ್ಟು ಹೋದಳು.

ಪರೀಕ್ಷೆ ಮಾರ್ಚ್ ಹದಿನಾಲ್ಕಕ್ಕೆ. ಶರ್ಟು, ಪ್ಯಾಂಟು, ಸಾಕ್ಸು, ಬೂಟು, ಕೋಟು, ಯಾರ ಕೈಯೂ ತಾಗದೆ ಅರ್ಧ ಗಂಟೆಯೊಳಗೆ ಆಗಬೇಕು. ಆದರೆ ಮನೆಗೆ. ಆಗದಿದ್ದರೆ ಇನ್ನೂ ಆರು ವಾರ ಇಲ್ಲೇ. ಹದಿನಾರಕ್ಕೆ ಸಂತ ಉರ್ಹೊನ ಮೆರವಣಿಗೆ ಇದೆ, ನಾನು ಮುಂದೆ ನಡೆಯಬೇಕು ಎಂದೆ. ಯಾರು ಅವನು ಎಂದಳು. ಫಿನ್‌ಲ್ಯಾಂಡಿನ ಮಿಡತೆಗಳನ್ನು ಗದರಿಸಿ ಓಡಿಸಿ ದ್ರಾಕ್ಷಿ ಉಳಿಸಿದ ಸಂತ, ಇಲ್ಲಿ ಮಿನೆಸೋಟದಲ್ಲಿ ನಮ್ಮ ಫಿನ್ನಿಶ್ ಜನರೇ ಕೂತು ಕಟ್ಟಿದ ಕಥೆ ಅದು ಎಂದೆ. ಫಿನ್‌ಲ್ಯಾಂಡಿನಲ್ಲಿ ದ್ರಾಕ್ಷಿ ಎಲ್ಲಿ ಬೆಳೆಯುತ್ತದೆ ಎಂದು ಕೇಳಿದಳು. ಆ ಪ್ರಶ್ನೆ ಕೇಳುವವರನ್ನು ನಾವು ಊಟಕ್ಕೆ ಕರೆಯುವುದಿಲ್ಲ.

ಮೂವತ್ತು ವರ್ಷದಿಂದ ಮುಂದೆ ನಡೆಯುವವನು ನಾನೇ. ನಾನೇ ಹೊಲಿದ ನೇರಳೆ ಕೋಟು, ಹಸಿರು ಕಾಲರು, ಹದಿನಾಲ್ಕು ಹಿತ್ತಾಳೆ ಗುಂಡಿ. ಈ ವರ್ಷವೂ ನಡೆಯುತ್ತೇನೆ, ಹದಿನಾಲ್ಕನ್ನೂ ನಾನೇ ಹಾಕಿಕೊಂಡು.

ಫೆಬ್ರವರಿ 9

ಪಕ್ಕದ ಹಾಸಿಗೆಯವನ ಬಗ್ಗೆ ಬರೆಯದೆ ವಿಧಿಯಿಲ್ಲ. ಗಣಿಯಲ್ಲಿ ದೊಡ್ಡ ಲಾರಿ ಓಡಿಸುತ್ತಿದ್ದವನಂತೆ. ಸಕ್ಕರೆ ಕಾಯಿಲೆಗೆ ಎಡಗಾಲು ಮಂಡಿಯ ಕೆಳಗೆ ಹೋಗಿದೆ. ಕಾಲು ಹೋದವನ ಬಗ್ಗೆ ನನಗೆ ದೂರಿಲ್ಲ, ಅವನ ಪ್ಯಾಂಟಿನ ಬಗ್ಗೆ ಇದೆ. ಸೊಂಟದಿಂದ ಪಾದದವರೆಗೆ ಎರಡೂ ಬದಿ ಪ್ರೆಸ್ ಬಟನ್. ಪೂರ್ತಿ ಬಿಚ್ಚಿದರೆ ಮೇಜಿನ ಹೊದಿಕೆ ಆಗುತ್ತದೆ. ಕೃತಕ ಕಾಲು ಹಾಕಿ ತೆಗೆಯಲು ಸುಲಭ ಅಂತೆ.

ಇವತ್ತು ಚರ್ಚಿನ ಹಾಡುವ ಗುಂಪು ಬಂದಿತ್ತು. ಇವನಿಗೆ ಭಕ್ತಿ ಉಕ್ಕಿತು, ಎದ್ದು ನಿಂತು ಹಾಡುತ್ತೇನೆ ಎಂದ. ಪ್ಯಾಂಟಿನ ಅಂಚು ಗಾಲಿಕುರ್ಚಿಯ ಬ್ರೇಕಿಗೆ ಸಿಕ್ಕಿಕೊಂಡಿತ್ತು. ಪಟಪಟಪಟ ಎಂದು ಒಂದೇ ಉಸಿರಿಗೆ ಎಲ್ಲ ಬಟನ್ನೂ ಬಿಚ್ಚಿಕೊಂಡು ಪ್ಯಾಂಟು ಕುರ್ಚಿಯಲ್ಲೇ ಉಳಿಯಿತು, ಇವನು ಮಾತ್ರ ಎದ್ದ. ಮುಂದಿನ ಸಾಲಿನ ಹೆಂಗಸರು ಹಾಡು ನಿಲ್ಲಿಸಲಿಲ್ಲ, ಆದರೆ ಶ್ರುತಿ ಬಹಳ ಮೇಲೆ ಹೋಯಿತು.

ಆಮೇಲೆ ನನ್ನ ಕಡೆ ತಿರುಗಿ ಹೇಳಿದ: "ಒಳ್ಳೇ ಪ್ಯಾಂಟು ಕಣಯ್ಯ ಇದು. ಯಾವಾಗ ಬಿಟ್ಟು ಹೋಗ್ಬೇಕು ಅಂತ ಅದಕ್ಕೇ ಗೊತ್ತು."

ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಫೆಬ್ರವರಿ 12

ಬೆಳಿಗ್ಗೆ ಸಹಾಯಕಿ ಅವಸರದಲ್ಲಿ ಯಾವುದೋ ಶರ್ಟು ತೊಡಿಸಿದಳು. ಊಟದ ಮನೆಯಲ್ಲಿ ಬೆನ್ನಿಗೆ ತಣ್ಣಗೆ ಗಾಳಿ ಹೊಡೆದಾಗ ಗೊತ್ತಾಯಿತು, ಅದು ಹಿಂದಿನಿಂದ ಪೂರ್ತಿ ತೆರೆದದ್ದು. ತೋಳು ಎತ್ತಲಾರದವರಿಗೆ ಮುಂದಿನಿಂದ ತೂರಿಸಿ ಹಿಂದೆ ಕೂಡಿಸುವುದಂತೆ. ತೆಗೆಯಿರಿ ಎಂದು ಕೂಗಾಡಿಬಿಟ್ಟೆ. ಓಟ್ಸ್ ಗಂಜಿ ಚೆಲ್ಲಿತು.

ಅವರಿಗೆ ಏನು ಗೊತ್ತು. ಹಿಂದಿನಿಂದ ಕೊಯ್ದ ಬಟ್ಟೆ ನನಗೆ ಹೊಸದಲ್ಲ. ಊರಿನ ಅಂತ್ಯಕ್ರಿಯೆಗಳನ್ನೆಲ್ಲ ನಡೆಸುವ ಒರ್ವಿಲ್ ಲುಂಡ್ ಹೆಣಗಳಿಗೆ ಸೂಟು ಒಯ್ಯುತ್ತಿದ್ದದ್ದು ನನ್ನ ಅಂಗಡಿಯಿಂದ. ಹೆಣ ತೋಳು ಎತ್ತುವುದಿಲ್ಲವಲ್ಲ. ಅದಕ್ಕೆ ಕೋಟನ್ನು ಕಾಲರಿನಿಂದ ಅಂಚಿನವರೆಗೆ ಬೆನ್ನ ಮೇಲೆ ಸೀಳಿ, ಮುಂದಿನಿಂದ ತೊಡಿಸಿ, ಎರಡು ಅಂಚನ್ನೂ ಮೈಯ ಕೆಳಗೆ ಸಿಕ್ಕಿಸುವುದು. ಎಷ್ಟೋ ಸಲ ಹಿಂದಿನ ಕೋಣೆಯಲ್ಲಿ ನಾನೇ ಕತ್ತರಿ ಹಾಕಿಕೊಟ್ಟಿದ್ದೇನೆ. ಮುಂದಿನಿಂದ ನೋಡಿದರೆ ಮದುಮಗ, ಹಿಂದೆ ಏನೂ ಇಲ್ಲ. ಜೀವ ಇರುವ ತನಕ ಆ ಬಟ್ಟೆ ನಾನು ತೊಡುವುದಿಲ್ಲ.

ಮಧ್ಯಾಹ್ನ ಆ ಒರ್ವಿಲನೇ ನೋಡಲು ಬಂದ. ಮೆರವಣಿಗೆಗೆ ನಾನು ಬರದಿದ್ದರೆ ಮುಂದೆ ನಡೆಯುವ ಸರದಿ ಅವನದು. ಅವನು ಮುಂದೆ ನಡೆದರೆ ಅದು ಮೆರವಣಿಗೆ ಆಗುವುದಿಲ್ಲ, ಶವಯಾತ್ರೆ ಆಗುತ್ತದೆ. ಬಾಗಿಲಲ್ಲೇ ನಿಂತು ಭುಜದಿಂದ ಪಾದದವರೆಗೆ ನನ್ನನ್ನು ನಿಧಾನಕ್ಕೆ ನೋಡಿದ.

"ಇಳಿದುಹೋಗಿದೀಯ ಅರ್ವಿಡ್. ಈಗ ನಲವತ್ತೆರಡರ ಅಳತೆ ಸಾಕು ನಿಂಗೆ."

ಸರಿಯಾಗಿಯೇ ಹೇಳಿದ, ಅದೇ ಮೈಯುರಿ.

ಫೆಬ್ರವರಿ 17

ನನ್ನ ಶರ್ಟುಗಳೆಲ್ಲ ಒಗೆಯಲು ಹೋಗಿದ್ದವು. ಬೇರೆ ದಾರಿ ಇಲ್ಲದೆ ಆ ಆಯಸ್ಕಾಂತದ್ದನ್ನು ಹಾಕಿಕೊಂಡೆ. ಮೂರು ನಿಮಿಷ ಆಯಿತು. ಇದನ್ನು ಕಾಲಿಯಾಗೆ ಹೇಳಬಾರದು.

ಮಧ್ಯಾಹ್ನ ಬಿಂಗೊ, ಕೂಗಿದ ಸಂಖ್ಯೆಯ ಮೇಲೆ ಬಿಲ್ಲೆ ಇಟ್ಟು ಸಾಲಾಗಿ ಐದು ತುಂಬಿಸುವ ಆಟ. ಇಲ್ಲಿನ ಬಿಂಗೊ ಬಿಲ್ಲೆಗಳಿಗೆ ಸುತ್ತ ತಗಡಿನ ಅಂಚು, ಆಟ ಮುಗಿದ ಮೇಲೆ ಆಯಸ್ಕಾಂತದ ಕೋಲಿನಿಂದ ಒಮ್ಮೆಗೇ ಎತ್ತಿಕೊಳ್ಳಲು. ಬಹುಮಾನ ಆಲೂಗಡ್ಡೆ ಸಾಸೇಜಿನ ಒಂದು ದೊಡ್ಡ ಸುರುಳಿ. ನನಗೆ ನಾಲ್ಕು ಬಿದ್ದಿತ್ತು, ಇನ್ನೊಂದು ಬೇಕಿತ್ತು. ಕನ್ನಡಕ ಮರೆತಿದ್ದರಿಂದ ಸಂಖ್ಯೆ ನೋಡಲು ಬಗ್ಗಿದೆ. ಬಿಲ್ಲೆಗಳು ಚಟಚಟ ಹಾರಿ ಎದೆಗೆ ಅಂಟಿಕೊಂಡವು. ನನ್ನವು ಮಾತ್ರವಲ್ಲ, ಪಕ್ಕದ ಹಾಸಿಗೆಯವನ ಕಾರ್ಡಿನಿಂದಲೂ ಒಂದು ಬಂತು. ಕಾಲರಿನಿಂದ ಹೊಟ್ಟೆಯವರೆಗೆ ಸಾಲಾಗಿ ಐದು.

ಅವನು ಎರಡೂ ಕೈ ಎತ್ತಿ ಕೂಗಿದ: "ಬಿಂಗೊ! ನಮ್ಮ ದರ್ಜಿ ಮೈಮೇಲೇ ಬಿಂಗೊ ಹೊಡ್ದಿದಾನೆ!"

ನಾಲ್ಕನೇ ಕೋಣೆಯ ಮುದುಕಿ ಇದು ಮೋಸ ಎಂದಳು. ಅವನು ಎದ್ದು ವಾದಕ್ಕೆ ನಿಂತ. ಬಿಲ್ಲೆ ಕಾರ್ಡಿನ ಮೇಲೇ ಇರಬೇಕೆಂದು ಎಲ್ಲಿ ಬರೆದಿದೆ, ಸಾಲಾಗಿ ಐದಿದ್ದರೆ ಸಾಕು, ಎಣಿಸಿ ನೋಡಿ ಎಂದ. ಕಾಲು ಗಂಟೆ ಜಗಳವಾಯಿತು. ಕೊನೆಗೆ ಸಾಸೇಜನ್ನು ಎಲ್ಲರಿಗೂ ಹೋಳು ಮಾಡಿ ಹಂಚಿದರು. ನನ್ನ ಪರವಾಗಿ ಯಾರಾದರೂ ಅಷ್ಟು ಜೋರಾಗಿ ಸುಳ್ಳು ವಾದ ಮಾಡಿ ಬಹಳ ವರ್ಷಗಳಾಗಿದ್ದವು.

ಫೆಬ್ರವರಿ 20

ನಿಜವಾದ ಗುಂಡಿ: ಮೂರು. ಒಂದು ಗಂಟೆ.

ಫೆಬ್ರವರಿ 22

ಎರಡು.

ಫೆಬ್ರವರಿ 23

ಒಂದು. ಅದೂ ಕಿತ್ತು ಬಂತು. ಪಕ್ಕದ ಹಾಸಿಗೆಯ ಗಸ್ ನಗಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಮಾರ್ಚ್ 1

ಗಸ್‌ನ ಪ್ಯಾಂಟು ನೋಡಿ ನೋಡಿ ತಲೆ ಚಿಟ್ಟು ಹಿಡಿದಿತ್ತು. ಅದನ್ನು ಹೊಲಿದವನು ಮನುಷ್ಯನ ಕಾಲು ನೋಡಿಯೇ ಇಲ್ಲ. ಕೃತಕ ಕಾಲಿರುವುದು ಒಂದು ಕಡೆ, ಎರಡೂ ಬದಿಗೆ ಸೊಂಟದವರೆಗೆ ಯಾಕೆ ಬಿಚ್ಚಬೇಕು? ಬಲಬದಿಯನ್ನು ಹೊಲಿದು ಮುಚ್ಚುವುದು, ಎಡಬದಿಯಲ್ಲಿ ತೊಡೆಯ ಮಧ್ಯದಿಂದ ಕೆಳಗೆ ಮಾತ್ರ ಉದ್ದ ಜಿಪ್ಪು. ಪ್ರೆಸ್ ಬಟನ್ ಬೇಡವೇ ಬೇಡ. ಚರ್ಚಿನವರು ಮತ್ತೆ ಬರುತ್ತಾರೆ.

ನನ್ನ ಹೆಂಡತಿ ಐಲಿಗೆ ಫೋನು ಮಾಡಿ ನನ್ನ ಹೊಲಿಗೆ ಡಬ್ಬಿ ತರಿಸಿಕೊಂಡೆ. ಕಾಲಿಯಾ ಹತ್ತು ಸೂಜಿಗೆ ದಾರ ಪೋಣಿಸಿಕೊಟ್ಟು ಹೋದಳು. ಬಟ್ಟೆಯನ್ನು ಬಲಗೈಯಿಂದ ಅದುಮಿ ಹಿಡಿದು ಎಡಗೈಯಲ್ಲಿ ಹೊಲಿದೆ. ಹೊಲಿಗೆ ನೇರವಿಲ್ಲ, ನನ್ನ ಅಪ್ಪ ನೋಡಿದ್ದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದ. ಗಸ್ ಹಾಕಿಕೊಂಡು ಕೋಣೆಯ ಆ ತುದಿಯಿಂದ ಈ ತುದಿಗೆ ನಡೆದ, ತಿರುಗಿದ, ಬಗ್ಗಿದ. ಪ್ಯಾಂಟು ಜಾಗ ಬಿಡಲಿಲ್ಲ.

"ಈಗ ಹುಷಾರಾಗಿರ್ಬೇಕಪ್ಪ," ಎಂದ ಗಸ್, "ಬೇಕಾದಾಗ್ಲೂ ಬೇಗ ಬಿಚ್ಚಕ್ಕಾಗಲ್ಲ."

ಹೊಲಿಯುತ್ತ ಹೊಲಿಯುತ್ತ ಊಟದ ಹೊತ್ತು ಮೀರಿತ್ತು. ಇವತ್ತು ಗುಂಡಿ ಅಭ್ಯಾಸ ಮಾಡಲಿಲ್ಲ.

ಮಾರ್ಚ್ 5

ನಾಲ್ಕನೇ ಕೋಣೆಯ ಮುದುಕಿ ತನ್ನ ರವಿಕೆ ತಂದಳು, ಭುಜ ಏಳುವುದಿಲ್ಲವಂತೆ. ಮೋಸಗಾರನ ಹತ್ತಿರ ಯಾಕೆ ಬಂದೆ ಎಂದು ಕೇಳಿದೆ. ಸಾಸೇಜು ತಿಂದ ಮೇಲೆ ಕ್ಷಮಿಸಿದೆ ಎಂದಳು. ಅವಳ ಹಿಂದೆ ಇನ್ನೂ ಮೂವರು. ಗಸ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಯಾರ ಸರದಿ ಯಾರದೆಂದು ಕೂಗುತ್ತಾನೆ. ಅವನ ಎದೆಯಲ್ಲಿ ಹೃದಯ ಬಡಿಸುವ ಯಂತ್ರ ಇರುವುದರಿಂದ ಆಯಸ್ಕಾಂತ ಹತ್ತಿರ ಬರಬಾರದೆಂದು ಬಿಂಗೊ ದಿನದ ಮೇಲೆ ಕಾಲಿಯಾ ಎಚ್ಚರಿಸಿದ್ದಾಳೆ. ನಾನು ಆ ಶರ್ಟು ಹಾಕಿದ ದಿನ ಒಂದು ಗಜ ದೂರ ಕೂತು ಮಾತಾಡುತ್ತಾನೆ. ಇತ್ತೀಚೆಗೆ ದಿನಾ ಅದನ್ನೇ ಹಾಕುತ್ತಿದ್ದೇನೆ, ಹೊಲಿಗೆಗೆ ಹೊತ್ತು ಉಳಿಯುತ್ತದೆ.

ಕಾಲಿಯಾ ಈ ದಿನಚರಿಯ ಹೊರಗಿನ ಹೊದಿಕೆಯ ಮೇಲೆ ನಾನು ನೆಟ್ಟಗಿನ ಅಕ್ಷರದಲ್ಲಿ ಬರೆದ ನನ್ನ ಹೆಸರು ನೋಡಿ, ಇದು ಲಕ್ವಕ್ಕೆ ಮೊದಲು ಬರೆದದ್ದಾ ಎಂದು ಕೇಳಿದಳು. ನಿನ್ನೆ ಎಂದೆ. ನಕ್ಕಳು. ಯಾಕೋ ತಿಳಿಯಲಿಲ್ಲ.

ಮಾರ್ಚ್ 8

ಇವತ್ತಿನ ಅಕ್ಷರ ಮತ್ತೆ ಕೋಳಿ ಕೆದರಿದ ಹಾಗಿದೆ. ಲಕ್ವದಿಂದಲ್ಲ.

ಐಲಿ ನೇರಳೆ ಕೋಟನ್ನು ತಂದಿದ್ದಳು. ಮೇಜಿನ ಮೇಲೆ ಹರಡಿದಳು. ಮುಂದಿನಿಂದ ಎಲ್ಲ ಸರಿ, ಹದಿನಾಲ್ಕು ಗುಂಡಿಯೂ ಹೊಳೆಯುವ ಹಾಗೆ ಉಜ್ಜಿದ್ದಾಳೆ. ತಿರುಗಿಸಿದೆ. ಕಾಲರಿನಿಂದ ಅಂಚಿನವರೆಗೆ ಬೆನ್ನ ನಡುವೆ ಸೀಳಿದ್ದಾಳೆ. ಅಂಚುಗಳನ್ನು ಮಡಿಸಿ ಒಪ್ಪವಾಗಿ ಹೊಲಿದಿದ್ದಾಳೆ, ಅದು ಬೇರೆ. ಮೂವತ್ತು ವರ್ಷದ ಕೋಟು. ನಾನೇ ಹೆಣಗಳಿಗೆ ಹಾಕಿಕೊಡುತ್ತಿದ್ದ ಅದೇ ಸೀಳು.

ಹದಿನಾರಕ್ಕೆ ತಾನೇ ಬಂದು ತೊಡಿಸಬೇಕೆಂದುಕೊಂಡಿದ್ದಳಂತೆ. ಪರೀಕ್ಷೆ ಏನಾದರಾಗಲಿ, ಹೇಗಾದರೂ ಹೊರಗೆ ಕರೆದುಕೊಂಡು ಹೋಗುತ್ತಿದ್ದಳಂತೆ. ನಾನು ಕೂಗಿದೆ. ಐವತ್ತೆರಡು ವರ್ಷದ ಸಂಸಾರದಲ್ಲಿ ಅವಳ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಇದೇ ಮೊದಲು.

"ನಾನು ಸೋಲ್ತೀನಿ ಅಂತ ಮೊದ್ಲೇ ತೀರ್ಮಾನ ಮಾಡ್ಬಿಟ್ಟು ಕತ್ತರಿ ಹಾಕ್ದೆ ನೀನು."

ಐಲಿ ಕೂಗುವವಳಲ್ಲ. ಕೈಚೀಲದ ಹಿಡಿ ತಿರುಚುತ್ತ ಹೇಳಿದಳು: "ಜನವರೀಲಿ ನೀನು ಅಡುಗೆಮನೇಲಿ ಬಿದ್ದಾಗ ಹೋದೆ ಅಂತಾನೇ ಅಂದ್ಕೊಂಡಿದ್ದೆ. ಹೋಗಿದ್ರೆ ಈ ಕೋಟಿಗೆ ಒರ್ವಿಲ್ ಕತ್ತರಿ ಹಾಕ್ತಿದ್ದ. ನೀನು ಉಳಿದಿದೀಯ ಅಂತ ನಾನು ಹಾಕ್ದೆ."

ಕೋಟು ಅಲ್ಲೇ ಬಿಟ್ಟು ಬಸ್ಸಿಗೆ ಹೊರಟುಹೋದಳು. ನಾನು ಅತ್ತೆ. ಗಸ್ ಟಿವಿ ಸದ್ದು ಜೋರು ಮಾಡಿದ, ನಾನು ಅಳುವುದು ಯಾರಿಗೂ ಕೇಳದಿರಲಿ ಎಂದು. ತೊಳೆಯುವ ಪುಡಿಯ ಜಾಹೀರಾತು ಬರುತ್ತಿತ್ತು.

ಮಾರ್ಚ್ 9

ಬೆಳಿಗ್ಗೆ ಕಣ್ಣು ಬಿಟ್ಟರೆ ಗಸ್ ನನ್ನ ಕೋಟು ಹಾಕಿಕೊಂಡು ಕೂತಿದ್ದಾನೆ. ಮುಂದಿನಿಂದ ಎರಡೂ ತೋಳು ತೂರಿಸಿದ್ದಾನೆ, ಆಸ್ಪತ್ರೆಯ ಗೌನಿನ ಹಾಗೆ. ಕುರ್ಚಿಗೆ ಒರಗಿ ಮಹಾರಾಜನ ಹಾಗೆ ಕಾಫಿ ಕುಡಿಯುತ್ತಿದ್ದಾನೆ. ತೆಗೆ ಎಂದು ಗದರಿದೆ.

"ಮೊದ್ಲು ನೋಡು," ಎಂದ. "ಒಂದು ಕೈ ಎತ್ಲಿಲ್ಲ, ಹಿಂದೆ ತಿರುಗಿಸ್ಲಿಲ್ಲ. ಹಾಕ್ಕೊಳಕ್ಕೆ ಅರ್ಧ ನಿಮಿಷ. ಹಿಂದಿನ ಬಾಗಿಲು ಮುಚ್ಚೋದೊಂದು ಬಾಕಿ. ಅದು ನಿನ್ನ ಕೆಲಸ, ನಾನು ಲಾರಿ ಡ್ರೈವರ್ರು."

ಕೋಟು ಇಸಿದುಕೊಂಡು ಮೇಜಿನ ಮೇಲೆ ಹರಡಿದೆ. ಮಧ್ಯಾಹ್ನ ಸುಮ್ಮನೆ ಒಂದು ಕಾಗದದ ಮೇಲೆ ಬೆನ್ನಿನ ಚಿತ್ರ ಬರೆದೆ. ಎಡಗಡೆ ಅಂಚು ಬಲಗಡೆಯದರ ಮೇಲೆ ಮೂರು ಬೆರಳು ಹತ್ತಿ ಬರಬೇಕು, ಮೈ ಇಳಿದಿರುವುದರಿಂದ ಬಟ್ಟೆ ಸಾಲುತ್ತದೆ. ಅಸ್ತರಿನೊಳಗೆ ಆಯಸ್ಕಾಂತ, ಮೇಲಿನಿಂದ ಕೆಳಗೆ ಆರು ಜೊತೆ. ಕುರ್ಚಿಗೆ ಒರಗಿ ಬೆನ್ನನ್ನು ಒಮ್ಮೆ ಬಲಕ್ಕೆ ಉಜ್ಜಿದರೆ ಅವೇ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಹೆಣಕ್ಕೆ ಇದು ಬೇಕಿಲ್ಲ. ಹೆಣ ಒರಗುವುದಿಲ್ಲ, ಉಜ್ಜುವುದೂ ಇಲ್ಲ.

ಐಲಿಗೆ ಫೋನು ಮಾಡಿದೆ. ಕ್ಷಮಿಸು ಎಂದೆ. ಹನ್ನೆರಡು ಆಯಸ್ಕಾಂತ ತಾ ಎಂದೆ. ಎರಡನ್ನೂ ಒಂದೇ ಉಸಿರಿಗೆ ಹೇಳಿದೆ, ಇಲ್ಲದಿದ್ದರೆ ಮೊದಲನೆಯದು ಬಾಯಿಂದ ಬರುತ್ತಿರಲಿಲ್ಲ.

ಮಾರ್ಚ್ 12

ಐಲಿ ತಂದ ಆಯಸ್ಕಾಂತಗಳನ್ನು ಅಸ್ತರಿನೊಳಗೆ ಹೊಲಿದು ಮುಗಿಸಿದೆ. ಅಭ್ಯಾಸ. ಮೊದಲ ಸಲ ಆಯಸ್ಕಾಂತಗಳು ಒಂದು ಮನೆ ತಪ್ಪಿ ಕೂಡಿಕೊಂಡು ಬೆನ್ನು ಗೂನಾಯಿತು. ಎರಡನೇ ಸಲ ಸರಿಯಾಗಿ ಕೂತಿತು. ಹೆಮ್ಮೆಯಿಂದ ಊಟದ ಮನೆಗೆ ಹೋಗಿ ಬಂದೆ. ಬೆನ್ನಿಗೆ ಎರಡು ಚಮಚ, ಒಂದು ಫೋರ್ಕು ಅಂಟಿಸಿಕೊಂಡು ಬಂದಿದ್ದೆ ಎಂದು ಗಸ್ ಆಮೇಲೆ ಹೇಳಿದ. ಯಾಕೆ ಮೊದಲೇ ಹೇಳಲಿಲ್ಲ ಎಂದರೆ, ಚೆನ್ನಾಗಿ ಕಾಣುತ್ತಿತ್ತು ಎಂದ. ಆಯಸ್ಕಾಂತದ ಮೇಲೆ ಇನ್ನೊಂದು ಪದರ ಬಟ್ಟೆ ಹಾಕಬೇಕು. ಹೊತ್ತಿಲ್ಲ.

ಮಾರ್ಚ್ 14

ಕಾಲಿಯಾ ಗಡಿಯಾರ ಹಿಡಿದು ಕೂತಳು. ಐಲಿ ಹೊರಗೆ, ಬಾಗಿಲ ಗಾಜಿಗೆ ಮೂಗು ಒತ್ತಿಕೊಂಡು. ಶರ್ಟು ಎರಡು ನಿಮಿಷ. ಪ್ಯಾಂಟು ಆರು. ಬೂಟಿನದು ಚರ್ರೆನ್ನುವ ವೆಲ್ಕ್ರೊ, ಇದ್ದರೆ ಇರಲಿ. ಸಾಕ್ಸು ಮಾತ್ರ ಸತಾಯಿಸಿತು, ಬಲಗಾಲಿನದೇ ಹನ್ನೊಂದು ನಿಮಿಷ. ನಲವತ್ತೊಂದು ವರ್ಷ ಅಂಗಡಿ ಇಟ್ಟರೂ ಸಾಕ್ಸಿನ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ.

ಕೋಟು ಎತ್ತಿಕೊಂಡಾಗ ಎರಡು ನಿಮಿಷ ಉಳಿದಿತ್ತು. ಮುಂದಿನಿಂದ ತೋಳು ತೂರಿಸಿದೆ. ಗುಂಡಿ ಹದಿನಾಲ್ಕೂ ಮೊದಲೇ ಹಾಕಿಯೇ ಇದ್ದವು, ಹಿಂದಿನಿಂದ ಹಾಕುವ ಕೋಟಿಗೆ ಮುಂದೆ ಬಿಚ್ಚುವುದೇನಿದೆ. ಕುರ್ಚಿಗೆ ಒರಗಿ ಬಲಕ್ಕೆ ಉಜ್ಜಿದೆ. ಟಕ್, ಟಕ್, ಟಕ್, ಟಕ್, ಟಕ್. ಆರನೆಯದು ಕೂಡಲಿಲ್ಲ. ಇನ್ನೊಮ್ಮೆ ಉಜ್ಜಿದೆ. ಕರಡಿ ಮರಕ್ಕೆ ಬೆನ್ನು ತಿಕ್ಕಿದ ಹಾಗೆ ಕಂಡಿರಬೇಕು. ಟಕ್.

ಇಪ್ಪತ್ತೊಂಬತ್ತೂವರೆ ನಿಮಿಷ.

ಕಾಲಿಯಾ ಏನೋ ಬರೆದುಕೊಂಡಳು. ನಾಳೆ ಮನೆಗೆ ಎಂದಳು. ಕೊಠಡಿಯ ತುದಿಯಲ್ಲಿ, ಆಯಸ್ಕಾಂತದಿಂದ ದೂರ ಕೂತಿದ್ದ ಗಸ್ ಸದ್ದಾಗುವ ಹಾಗೆ ಮೂಗು ಒರೆಸಿಕೊಂಡ. ಅವನಿಗೆ ಇನ್ನೂ ಮೂರು ವಾರ ಇದೆ. ಹದಿನಾರಕ್ಕೆ ಒಂದು ದಿನ ಹೊರಗೆ ಬಿಡಿ ಎಂದು ಕಾಲಿಯಾಳ ಹತ್ತಿರ ಬೇಡಿದೆ. ಗಸ್ ಸ್ಲೊವೀನಿಯಾ ಮೂಲದವನು, ಮಿಡತೆ ಸಂತ ಅವನ ಜನರವನೂ ಅಲ್ಲ. ಆದರೂ ಒಪ್ಪಿದಳು, ತಾನೇ ಕುರ್ಚಿ ತಳ್ಳಿಕೊಂಡು ಬರುತ್ತಾಳಂತೆ.

ಮಾರ್ಚ್ 16, ಭಾನುವಾರ

ಮನೆ. ನನ್ನ ಮೇಜು. ನಡೆದದ್ದನ್ನೆಲ್ಲ ಬಿಡದೆ ಬರೆಯಬೇಕು.

ಬೆಳಿಗ್ಗೆ ಐಲಿಯನ್ನು ಹೊರಗೆ ಕಳಿಸಿ ನಾನೇ ಉಟ್ಟುಕೊಂಡೆ. ಇಪ್ಪತ್ತಾರು ನಿಮಿಷ. ರಸ್ತೆಯ ಬದಿಗೆ ಹಿಮ ಇನ್ನೂ ಮಂಡಿಯೆತ್ತರ ಇತ್ತು. ಮರದ ದೊಡ್ಡ ಮಿಡತೆಯನ್ನು ಚುಚ್ಚಿದ ಉದ್ದನೆಯ ಕವೆಗೋಲು ಪ್ರತಿವರ್ಷ ನನ್ನ ಕೈಯಲ್ಲಿರುತ್ತದೆ. ಈ ವರ್ಷ ಅದು ಊರುಗೋಲೂ ಆಯಿತು. ಹಿಂದೆ ಬ್ಯಾಂಡು, ಆಮೇಲೆ ನೇರಳೆ ಹಸಿರು ಬಟ್ಟೆಯ ಜನ. ನಡುವೆ ತಲೆಗೆ ಮಿಡತೆ ಮೀಸೆ ಕಟ್ಟಿಕೊಂಡ ಗಸ್, ನಾನು ಹೊಲಿದ ಪ್ಯಾಂಟಿನಲ್ಲಿ. ಒರ್ವಿಲ್ ಮೆರವಣಿಗೆ ಮುಗಿಯುವ ಬೇಕರಿಯ ಮುಂದೆ ಕಪ್ಪು ಕೋಟಿನಲ್ಲಿ ನಿಂತಿದ್ದ, ನಾನು ದಾರಿಯಲ್ಲಿ ಎಲ್ಲಿಯಾದರೂ ಕುಸಿದರೆ ಇರಲಿ ಎಂದು.

ಎರಡು ಬೀದಿ ನಡೆದೆ. ಬೇಕರಿಯ ಹತ್ತಿರ ಬರುವಾಗ ಕಾಲು ಸೋತಿತು. ಅಲ್ಲಿ ನಮ್ಮೂರಿನ ಹಳೇ ಅಗ್ನಿಶಾಮಕ ಬಂಡಿ ನಿಂತಿತ್ತು, ನನ್ನ ಯೌವನದ ಕಾಲದ್ದು, ಎಲ್ಲ ಉಕ್ಕು. ಒಂದೇ ಒಂದು ನಿಮಿಷ ಅದಕ್ಕೆ ಒರಗಿದೆ. ಚಮಚದ ಸಂಗತಿ ಆಗ ನೆನಪಿಗೆ ಬರಬೇಕಿತ್ತು. ಬ್ಯಾಂಡು ಶುರುವಾಯಿತು, ನಾನು ಹೆಜ್ಜೆ ಹಾಕಿದೆ. ಕೋಟಿನ ಎಡಗಡೆ ಬೆನ್ನು ಬಂಡಿಗೇ ಅಂಟಿ ನಿಂತಿತು. ಟಕಟಕಟಕ ಎಂದು ಆರೂ ಜೊತೆ ಬಿಟ್ಟುಕೊಂಡವು. ಆಮೇಲೆ ಬಂಡಿಯೂ ಕೈಬಿಟ್ಟಿತು, ಎರಡು ಅಂಚೂ ಗಾಳಿಗೆ ರೆಕ್ಕೆಯ ಹಾಗೆ ಹಾರಿದವು. ಕೋಟಿನೊಳಗಿನ ಶರ್ಟು ಮೇಲೆ ಸರಿದಿತ್ತು, ಪ್ಯಾಂಟಿನ ಎಲಾಸ್ಟಿಕ್ಕು ಕೆಳಗೆ ಜಾರಿತ್ತು. ಹಿಂದಿದ್ದ ಊರಿಗೆಲ್ಲ ಕಂಡದ್ದು ನನ್ನ ಉದ್ದ ಒಳಚಡ್ಡಿ, ಅದರ ಮೇಲೆ ಕೇಂದ್ರದ ಅಗಸರು ಇಸ್ತ್ರಿಯಿಂದ ಅಂಟಿಸಿದ ಚೀಟಿ: ಸಾಲ್ಮೆಲಾ, ಕೋಣೆ 12.

ಬ್ಯಾಂಡಿನ ತುತ್ತೂರಿ ನಿಂತಿತು. ಊದುವವನು ನಗುತ್ತಿದ್ದ. ಗಸ್ ಹಿಂದಿನಿಂದ ಕೂಗಿದ, ಯಾವಾಗ ಬಿಟ್ಟು ಹೋಗಬೇಕೆಂದು ಒಳ್ಳೇ ಬಟ್ಟೆಗೇ ಗೊತ್ತಿರುತ್ತದೆ ಎಂದು. ಐಲಿ ಓಡಿ ಬಂದಳು. ಬೇಡ ಎಂದು ಕೈ ತೋರಿದೆ. ಬಲಗೈ. ಮುಂದೆ ನಡೆಯುವವನು ಹಿಂದೆ ನೋಡಬಾರದು. ಮುಂದಿನಿಂದ ಹದಿನಾಲ್ಕು ಗುಂಡಿಯೂ ಹೊಳೆಯುತ್ತಿದ್ದವು. ಬೆನ್ನಿಗೆ ತಣ್ಣಗೆ ಹೊಡೆಯುತ್ತಿತ್ತು, ಮೂವತ್ತು ವರ್ಷದಲ್ಲಿ ಇಷ್ಟು ಸಂತೋಷದಿಂದ ನಾನು ಆ ಬೀದಿಯಲ್ಲಿ ನಡೆದಿರಲಿಲ್ಲ. ಬೇಕರಿ ಮುಟ್ಟಿದೆ. ಮಿಡತೆಗಳಿಗೆ ಬೈಯುವ ಸಾಲುಗಳನ್ನು ಪೂರ್ತಿ ಹೇಳಿದೆ.

ಒರ್ವಿಲ್ ಹತ್ತಿರ ಬಂದು ಹಿಂದೆ ನಿಂತು ಎರಡು ಅಂಚನ್ನೂ ಬೆರಳಲ್ಲಿ ಹಿಡಿದು ನೋಡಿದ.

"ಈ ಸೀಳು ನಂಗೆ ಚೆನ್ನಾಗಿ ಗೊತ್ತು," ಎಂದ. "ಇದನ್ನ ಹಾಕ್ಕೊಂಡು ನಡೆಯೋರನ್ನ ಇವತ್ತೇ ಮೊದ್ಲು ನೋಡಿದ್ದು."

ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, ಎರಡು ವರ್ಷದಿಂದ ತನ್ನ ಬಲಭುಜ ಮೇಲೆ ಏಳುವುದಿಲ್ಲ, ಕೋಟು ಹಾಕಲು ದಿನಾ ಹೆಂಡತಿಯನ್ನು ಕರೆಯಬೇಕು, ನಾಚಿಕೆಯಾಗುತ್ತದೆ ಎಂದ. ಕಪ್ಪಿನಲ್ಲಿ ಇಂಥದ್ದೇ ಒಂದು ಆಗುತ್ತದಾ ಎಂದು ಕೇಳಿದ.

ಗುರುವಾರ ಬಾ ಎಂದೆ. ಈ ಸಲ ನೇರವಾಗಿ ನಿಲ್ಲಬೇಕಾದವನು ಅವನು, ಟೇಪು ಹಿಡಿಯುವವನು ನಾನು.